ಫಾರ್ಮುಲಾ ಬಿಟ್ಟು ಮಣ್ಣಿನ ಟ್ರ್ಯಾಕಿಗೆ: ಐರೇಸಿಂಗ್‌ನ ಯುಎಂಪಿ ಮಾಡಿಫೈಡ್ ಬಗ್ಗೆ ಹೊಸೂರಿನಿಂದ

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಕಂಪ್ಯೂಟರಿನಲ್ಲಿ ರೇಸು ಓಡಿಸುವ ಸಿಮ್ಯುಲೇಟರ್ ಐರೇಸಿಂಗ್‌ನಲ್ಲಿ ಇಷ್ಟು ದಿನ ಫಾರ್ಮುಲಾ ಕಾರುಗಳನ್ನೇ ಓಡಿಸಿದವರು ದುಡ್ಡು ಕೊಟ್ಟು ಒಂದು ಮಣ್ಣಿನ ಕಾರು ತೆಗೆದುಕೊಳ್ಳುವುದಾದರೆ, ಡರ್ಟ್‌ಕಾರ್ ಯುಎಂಪಿ ಮಾಡಿಫೈಡ್ ತೆಗೆದುಕೊಳ್ಳಿ. ಲೇಟ್ ಮಾಡೆಲ್ ಎಂಬ ಇನ್ನೊಂದು ಬಗೆಯ ಮಣ್ಣಿನ ಕಾರನ್ನು ಆಮೇಲೆ ನೋಡಿಕೊಳ್ಳಬಹುದು. ಸ್ಪ್ರಿಂಟ್ ಕಾರು ಮೊದಲಿಗೆ ಬೇಡವೇ ಬೇಡ.

ನಾನು ಹೊಸೂರಿನವನು, ಮನೆ ಮತ್ತಿಗಿರಿ ಕಡೆ. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಒಂದು ಟೂಲ್ ರೂಮಿನಲ್ಲಿ ಕೆಲಸ. ಮನೆಯಲ್ಲಿ ಕನ್ನಡ, ಕೆಲಸದಲ್ಲಿ ತಮಿಳು, ಸಂತೆಯಲ್ಲಿ ತೆಲುಗು. ನಮ್ಮ ಕಡೆ ಬಹಳ ಜನರ ಬದುಕು ಹೀಗೇ. ಇಲ್ಲಿ ಬೆಳೆದವರಿಗೆ ಗಾಡಿಯ ಹುಚ್ಚು ಹಿಡಿಯದೆ ಇರುವುದು ಕಷ್ಟ. ಟಿವಿಎಸ್ ಫ್ಯಾಕ್ಟರಿ ಊರಲ್ಲೇ ಇದೆ, ಅವರ ರೇಸಿಂಗ್ ತಂಡ 1982ರಿಂದ ಇದೆ. ನನಗೆ ಮಾತ್ರ ಬೈಕಿಗಿಂತ ನಾಲ್ಕು ಚಕ್ರದ ಮೇಲೆ ಪ್ರೀತಿ ಜಾಸ್ತಿ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಿ, ತರಬೇತಿ ಶಾಲೆಯಲ್ಲಿ ಸಿಂಗಲ್ ಸೀಟರ್, ಅಂದರೆ ಒಬ್ಬರೇ ಕೂರುವ ಫಾರ್ಮುಲಾ ಕಾರು, ಓಡಿಸಿದ್ದೇನೆ. ಮಾರುತಿ 800ರ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಎಂಬ ಕಾರನ್ನೇ ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರಿನ ಟ್ರ್ಯಾಕ್ ಅದು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ಗೆಳೆಯರ ತಂಡಕ್ಕೆ ಸ್ಪ್ಯಾನರ್ ಹಿಡಿದಿದ್ದೇನೆ. ಆದರೆ ಒಂದು ಸೀಸನ್ ಪೂರ್ತಿ ಓಡಿಸುವಷ್ಟು ದುಡ್ಡು ನಮ್ಮಂಥ ಸಂಬಳದವರ ಕೈಯಲ್ಲಿ ಇರುವುದಿಲ್ಲ ಅಲ್ವಾ? ಹಾಗಾಗಿ ತಾರಸಿ ಮೇಲಿನ ಕೋಣೆಯಲ್ಲಿ ಸ್ಟೀರಿಂಗ್, ಪೆಡಲ್, ಹಳೆಯ ಕಾರಿನ ಸೀಟು, ನಾನೇ ವೆಲ್ಡ್ ಮಾಡಿದ ಚೌಕಟ್ಟು.

ಈ ಸೇವೆ ಗೊತ್ತಿಲ್ಲದವರಿಗೆ ಎರಡು ಮಾತು. ಐರೇಸಿಂಗ್ ಶುರುವಾದದ್ದು 2008ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನಿಂದ. ಚಂದಾ ಕಟ್ಟಿ ಸೇರಬೇಕು. ಟ್ರ್ಯಾಕುಗಳನ್ನು ಲೇಸರ್‌ನಿಂದ ಅಳೆದು ಮಾಡುತ್ತಾರೆ, ಡಾಂಬರಿನ ಉಬ್ಬು ತಗ್ಗು ಕೂಡ ಇದ್ದ ಹಾಗೇ ಬರುತ್ತದೆ. ಗಂಟೆ ಗಂಟೆಗೆ ನಿಜವಾದ ಮನುಷ್ಯರ ಜೊತೆ ರೇಸು. ಎಲ್ಲರೂ ರೂಕಿ, ಅಂದರೆ ಹೊಸಬರ ಲೈಸೆನ್ಸಿನಿಂದ ಶುರು ಮಾಡಿ ಡಿ, ಸಿ, ಬಿ, ಎ ಅಂತ ಏರಬೇಕು. ಗುದ್ದಾಡದೆ ಓಡಿಸಿದರೆ ಸೇಫ್ಟಿ ರೇಟಿಂಗ್ ಏರುತ್ತದೆ, ಮುಂದೆ ಮುಗಿಸಿದರೆ ಐರೇಟಿಂಗ್ ಏರುತ್ತದೆ. ಮಣ್ಣಿನ ಟ್ರ್ಯಾಕುಗಳು ಬಂದದ್ದು 2017ರಲ್ಲಿ.

ಫಾರ್ಮುಲಾ ಕಡೆಯಿಂದ ಬರುವವರು ಇಲ್ಲಿ ಒಂದು ವಿಷಯ ತಿಳಿದಿರಬೇಕು. ಮಣ್ಣಿನ ಓವಲ್‌ಗೆ, ಅಂದರೆ ಎಡಕ್ಕೇ ತಿರುಗುತ್ತಾ ಸುತ್ತುವ ಮೊಟ್ಟೆಯಾಕಾರದ ಟ್ರ್ಯಾಕಿಗೆ, ಬೇರೆಯೇ ಲೈಸೆನ್ಸ್ ಇದೆ. 2024ರಿಂದ ಫಾರ್ಮುಲಾ ಕಾರುಗಳಿಗೂ ತಮ್ಮದೇ ಲೈಸೆನ್ಸ್ ಬಂತು, ಅದಕ್ಕೆ ಮುಂಚೆ ಸ್ಪೋರ್ಟ್ಸ್ ಕಾರುಗಳ ಜೊತೆ ಸೇರಿಕೊಂಡಿತ್ತು. ಅಲ್ಲಿ ನೀವು ಎ ಲೈಸೆನ್ಸ್ ಇಟ್ಟುಕೊಂಡಿದ್ದರೂ ಇಲ್ಲಿ ರೂಕಿ. ಇದು ಕೆಲವರಿಗೆ ಬೇಸರ ತರಬಹುದು. ನನಗೆ ಇದೇ ಧೈರ್ಯ ಕೊಟ್ಟಿತು. ಮಣ್ಣಿನಲ್ಲಿ ಎಷ್ಟು ಸಲ ಗಿರಗಿರ ಸುತ್ತಿದರೂ ಫಾರ್ಮುಲಾದಲ್ಲಿ ಕಷ್ಟಪಟ್ಟು ಗಳಿಸಿದ ಅಂಕಿ ಒಂದೂ ಕದಲುವುದಿಲ್ಲ.

ನಾನು ಯಾಕೆ ಹೊರಟೆ? ಐರೇಸಿಂಗ್‌ನ ಫಾರ್ಮುಲಾ ಕಾರುಗಳಲ್ಲಿ ಫಾರ್ಮುಲಾ ವೀಯಿಂದ ಶುರು ಮಾಡಿ, ರೇ ಎಫ್‌ಎಫ್1600, ಆಮೇಲೆ ಎಫ್4 ವರೆಗೆ ಬಂದಿದ್ದೆ. ಆ ಕಾರುಗಳು ಇವತ್ತಿಗೂ ನನಗೆ ಇಷ್ಟ. ಆದರೆ ಡಾಂಬರಿನ ಮೇಲೆ ಒಂದು ಹಂತ ದಾಟಿದ ಮೇಲೆ ಮಾಡುವುದೆಲ್ಲ ನಿನ್ನೆ ಮಾಡಿದ್ದನ್ನೇ ಇನ್ನೂ ನುಣುಪಾಗಿ ಮಾಡುವುದು. ಬ್ರೇಕ್ ಹಾಕುವ ಜಾಗ ಅದೇ, ತಿರುವಿನ ಒಳ ಅಂಚು ಅದೇ. ಕೊನೆಯ ಸುತ್ತು ಮೊದಲ ಸುತ್ತಿನ ಹಾಗೇ ಇದ್ದರೆ ಅದೇ ಗೆಲುವು. ನನಗೆ ಬೇಕಾಗಿದ್ದದ್ದು ಪ್ರತಿ ಸುತ್ತಿಗೂ ಹೊಸ ಪ್ರಶ್ನೆ ಕೇಳುವ ಟ್ರ್ಯಾಕು.

ಈಗ ಕಾರಿಗೆ ಬರೋಣ. ಅಮೆರಿಕದ ಮಾಡಿಫೈಡ್ ಕಾರುಗಳಲ್ಲಿ ಹಲವು ಜಾತಿ ಇವೆ. ಐಎಂಸಿಎ ಎಂಬ ರೇಸಿಂಗ್ ಸಂಸ್ಥೆ 1979ರಲ್ಲಿ ಅಯೋವಾದಲ್ಲಿ ತನ್ನ ಮಾಡಿಫೈಡ್ ವರ್ಗ ಶುರು ಮಾಡಿತು. ಕೆಲಸಗಾರರೂ ಕಟ್ಟಿ ಓಡಿಸಬಹುದಾದ ಅಗ್ಗದ ಕಾರು ಬೇಕು ಅನ್ನುವುದು ಅದರ ಹಿಂದಿನ ಯೋಚನೆ. ಯುಎಂಪಿ ಅಂದರೆ ಯುನೈಟೆಡ್ ಮಿಡ್‌ವೆಸ್ಟರ್ನ್ ಪ್ರಮೋಟರ್ಸ್, ಮಣ್ಣಿನ ರೇಸು ನಡೆಸುವ ಸಂಸ್ಥೆ, ಈಗ ಡರ್ಟ್‌ಕಾರ್ ಹೆಸರಿನಡಿ ನಡೆಯುತ್ತದೆ. ಅವರ ಮಾಡಿಫೈಡ್ ಕೂಡ ಇದೇ ಕುಟುಂಬದ್ದು. ಮುಂದೆ ವಿ8 ಎಂಜಿನ್. ಮೇಲೆ ಛಾವಣಿ. ಹಿಂದಿನ ಚಕ್ರಗಳ ಮೇಲೆ ತಗಡಿನ ಬಾಡಿ. ಮುಂದಿನ ಎರಡು ಚಕ್ರಗಳಿಗೆ ಮಾತ್ರ ಮುಚ್ಚಳವೇ ಇಲ್ಲ. ಎಂಟು ಇಂಚು ಅಗಲದ ಉಕ್ಕಿನ ರಿಮ್ಮು, ಹೂಸಿಯರ್ ಟೈರು. ತೂಕ ಸುಮಾರು 1,100 ಕೆಜಿ. ಫಾರ್ಮುಲಾ ವೀ ಚಾಲಕನನ್ನೂ ಸೇರಿಸಿ 465 ಕೆಜಿ ಅಷ್ಟೇ, ಅದರಲ್ಲಿರುವುದು ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನ 1200 ಸಿಸಿ ಎಂಜಿನ್. ಎರಡರ ನಡುವೆ ಎಷ್ಟು ದೂರ ಅಂತ ಇದರಲ್ಲೇ ಗೊತ್ತಾಗುತ್ತದೆ.

ಹಾಗಿದ್ದೂ ಸಿಂಗಲ್ ಸೀಟರ್ ಓಡಿಸಿದವರಿಗೆ ಇದೇ ಸರಿ ಅಂತ ಯಾಕೆ ಹೇಳುತ್ತೇನೆ ಅಂದರೆ, ಈ ಕಾರಿನಲ್ಲಿ ರೆಕ್ಕೆ ಇಲ್ಲ. ಸ್ಪ್ರಿಂಟ್ ಕಾರಿನ ತಲೆ ಮೇಲಿನ ದೊಡ್ಡ ರೆಕ್ಕೆ ಬಹಳಷ್ಟು ಹಿಡಿತ ಕೊಡುತ್ತದೆ, ಜೊತೆಗೆ ಆ ಕಾರಿನ ಶಕ್ತಿ ಹೊಸಬರನ್ನು ಯೋಚಿಸಲು ಬಿಡುವುದಿಲ್ಲ. ಲೇಟ್ ಮಾಡೆಲ್‌ನಲ್ಲಿ ಬಾಡಿಯೇ ಗಾಳಿಯನ್ನು ಹಿಡಿದು ಬದಿಯಿಂದ ಒರಗಿಸಿಕೊಳ್ಳುತ್ತದೆ. ಮಾಡಿಫೈಡ್‌ನಲ್ಲಿ ಅಂಥ ಸಹಾಯ ಕಡಿಮೆ. ಏನಿದ್ದರೂ ಟೈರು, ತೂಕ, ನಿಮ್ಮ ಬಲಗಾಲು. ಫಾರ್ಮುಲಾ ವೀ ಮತ್ತು ಎಫ್‌ಎಫ್1600 ಕೂಡ ರೆಕ್ಕೆ ಇಲ್ಲದ ಕಾರುಗಳೇ. ತೂಕ ಯಾವ ಚಕ್ರದ ಮೇಲೆ ಹೋಗುತ್ತಿದೆ ಅಂತ ಬೆನ್ನಲ್ಲಿ, ಕೈಯಲ್ಲಿ ಹುಡುಕುವ ಅಭ್ಯಾಸ ಅಲ್ಲಿ ಆಗಿರುತ್ತದೆ. ಅದು ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ.

ಉಳಿದದ್ದು ಬರುವುದಿಲ್ಲ. ಡಾಂಬರಿನ ಮೇಲೆ ಹಿಂಬದಿ ಜಾರಿದರೆ ಸಮಯ ಹೋಯಿತು ಅಂತ ಅರ್ಥ, ಕೈ ತಾನಾಗಿಯೇ ಸರಿಮಾಡುತ್ತದೆ. ಮಣ್ಣಿನಲ್ಲಿ ಹಿಂಬದಿ ಜಾರಬೇಕು, ಜಾರಿದ್ದನ್ನು ಹಾಗೇ ಹಿಡಿದಿಡಬೇಕು. ತಿರುವಿಗೆ ಬರುವ ಮುಂಚೆಯೇ ಗ್ಯಾಸ್, ಅಂದರೆ ಆಕ್ಸಿಲರೇಟರ್, ಬಿಡಿ. ತೂಕ ಮುಂದಕ್ಕೆ ಬರುತ್ತದೆ, ಸ್ಟೀರಿಂಗನ್ನು ಸ್ವಲ್ಪ ಎಡಕ್ಕೆ ಕೊಡಿ, ಹಿಂಬದಿ ಹೊರಕ್ಕೆ ಬೀಸುತ್ತದೆ. ಆಗ ಸ್ಟೀರಿಂಗ್ ಬಲಕ್ಕೆ, ಗ್ಯಾಸ್ ನಿಧಾನವಾಗಿ ಮತ್ತೆ. ಅಲ್ಲಿಂದ ಕಾರು ತಿರುಗುವುದು ನಿಮ್ಮ ಕಾಲಿನಿಂದ. ಗ್ಯಾಸ್ ಜಾಸ್ತಿ ಆದರೆ ಹಿಂಬದಿ ಇನ್ನೂ ಹೊರಕ್ಕೆ, ಕಡಿಮೆಯಾದರೆ ಒಳಕ್ಕೆ. ಬ್ರೇಕನ್ನು ಸುಮ್ನೆ ಮುಟ್ಟಿ ಬಿಡುವಷ್ಟು. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ತಿರುವಿನೊಳಕ್ಕೆ ಹೋಗುವ ಟ್ರೇಲ್ ಬ್ರೇಕಿಂಗ್ ಕಲಿಯಲು ನಾವೆಲ್ಲ ಎಷ್ಟು ಕಷ್ಟಪಟ್ಟಿರುತ್ತೇವೆ. ಅದನ್ನು ಇಲ್ಲಿ ಹೊರಗೇ ಬಿಟ್ಟು ಬರಬೇಕು.

ಕಣ್ಣು ಕೂಡ ಬೇರೆ ಕಡೆ ಹೋಗಬೇಕು. ಕಾರಿನ ಮೂಗು ಒಳಗಿನ ಹುಲ್ಲಿನ ಕಡೆ ತಿರುಗಿರುತ್ತದೆ, ಕಾರು ಹೋಗುತ್ತಿರುವುದು ಬೇರೆ ದಿಕ್ಕಿಗೆ. ಒಂದೇ ಪರದೆ ಇದ್ದವರಿಗೆ ಹೋಗುವ ದಾರಿಯೇ ಪರದೆಯ ಅಂಚಿಗೆ ಜಾರುತ್ತದೆ. ನಾನು ಮೊದಲು ಒಂದು ಪರದೆಯಲ್ಲಿ ಓಡಿಸಿ, ಆಮೇಲೆ ಹಳೆಯ ಮಾನಿಟರ್‌ಗಳನ್ನು ಸೇರಿಸಿ ಮೂರು ಮಾಡಿಕೊಂಡೆ. ಫಾರ್ಮುಲಾದಲ್ಲಿ ಮೂರು ಪರದೆ ಒಂದು ಸೌಕರ್ಯ. ಮಣ್ಣಿನಲ್ಲಿ ಬಹುಮಟ್ಟಿಗೆ ಅಗತ್ಯ.

ಈ ಇಡೀ ವಿಮರ್ಶೆಯನ್ನು ನಾನು ಬರೆಯಲು ಹೊರಟದ್ದೇ ಮಣ್ಣಿನ ಬಗ್ಗೆ ಹೇಳಲು. ದುಡ್ಡು ಕೊಟ್ಟದ್ದು ಕಾರಿಗೆ ಆದರೂ ಸಿಕ್ಕಿದ್ದು ಮಣ್ಣು.

ಅಮೆರಿಕದ ಈ ಟ್ರ್ಯಾಕುಗಳು ಬಹುಪಾಲು ಜೇಡಿಮಣ್ಣಿನವು. ರೇಸಿಗೆ ಮುಂಚೆ ಟ್ಯಾಂಕರಿನಲ್ಲಿ ನೀರು ಬಿಟ್ಟು, ಗಾಡಿ ಓಡಿಸಿ ಗಟ್ಟಿ ಮಾಡುತ್ತಾರೆ. ಬಿಸಿಲು ಹದವನ್ನು ಹೀರಿಕೊಳ್ಳುತ್ತದೆ ಅಂತಲೇ ಹೆಚ್ಚಿನ ರೇಸುಗಳು ರಾತ್ರಿ ಹೊತ್ತು. ಮೊದಲು ಮಣ್ಣು ಅಂಟಂಟಾಗಿರುತ್ತದೆ, ಟೈರು ಕಚ್ಚಿಕೊಳ್ಳುತ್ತದೆ, ಗ್ಯಾಸನ್ನು ಧೈರ್ಯವಾಗಿ ಒತ್ತಬಹುದು. ಕಾರುಗಳು ಸುತ್ತುತ್ತಾ ಹೋದಂತೆ ಎಲ್ಲರೂ ಓಡುವ ದಾರಿ ಒಣಗಿ ನುಣ್ಣಗಾಗುತ್ತದೆ. ಸಡಿಲವಾದ ಮಣ್ಣು ಹೊರಗಿನ ಗೋಡೆಯ ಕಡೆಗೆ ಹಾರಿ ಹಾರಿ ಅಲ್ಲೊಂದು ದಂಡೆ ಏಳುತ್ತದೆ. ಅದಕ್ಕೆ ಕುಷನ್ ಅನ್ನುತ್ತಾರೆ. ಬಲ ಹಿಂದಿನ ಟೈರನ್ನು ಆ ದಂಡೆಗೆ ಒರಗಿಸಿ ಓಡಿಸಿದರೆ ಭಯಂಕರ ವೇಗ. ಒಂದು ಅಡಿ ಆಚೆ ಹೋದರೆ ಗೋಡೆ.

ಇದೆಲ್ಲವನ್ನೂ ಐರೇಸಿಂಗ್ ಲೆಕ್ಕ ಹಾಕುತ್ತದೆ. ಪ್ರತಿ ಕಾರಿನ ಪ್ರತಿ ಟೈರು ಎಲ್ಲಿ ಉಜ್ಜಿತು, ಎಲ್ಲಿ ಹದ ಹೋಯಿತು, ಎಲ್ಲಿ ಮಣ್ಣು ಗುಡ್ಡೆಯಾಯಿತು, ಎಲ್ಲಿ ಗುಂಡಿ ಬಿತ್ತು. ಅಭ್ಯಾಸದ ಹೊತ್ತಿನಲ್ಲಿ ಕೆಟ್ಟ ಟ್ರ್ಯಾಕು ರೇಸಿಗೂ ಹಾಗೇ ಮುಂದುವರಿಯುವಂತೆ ಇಡಲು ಆಗುತ್ತದೆ. ಹಸಿ ಮಣ್ಣಿಗೆ ಕಡು ಬಣ್ಣ, ಒಣಗಿದ್ದಕ್ಕೆ ತಿಳಿ ಬಣ್ಣ, ತೀಡಿ ನುಣುಪಾದ ಕಡೆ ಒಂದು ಹೊಳಪು. ಬಣ್ಣ ನೋಡಿ ಸಾಲು ಆರಿಸಿಕೊಳ್ಳಬೇಕು.

ನನ್ನ ಅಪ್ಪ ಕೆಲಮಂಗಲದ ಕಡೆ ಹೊಲ ಮಾಡಿದವರು. ರಾಗಿ ಬಿತ್ತುವ ಮುಂಚೆ ಒಂದು ಹಿಡಿ ಮಣ್ಣು ಅಮುಕಿ ನೋಡಿ, ಇವತ್ತು ಆಗುತ್ತೆ, ಇವತ್ತು ಬೇಡ ಅಂತ ಹೇಳುತ್ತಾರೆ. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ನನ್ನ ಹಿಂದೆ ನಿಂತು ರೇಸು ನೋಡುತ್ತಿದ್ದರು. ಫಾರ್ಮುಲಾ ರೇಸನ್ನು ಅವರು ಒಂದು ದಿನವೂ ಎರಡು ನಿಮಿಷಕ್ಕಿಂತ ಜಾಸ್ತಿ ನೋಡಿದ್ದಿಲ್ಲ. ಇದನ್ನು ನೋಡಿ, ಒಳಗಡೆ ಇನ್ನೂ ಹಸಿ ಇದೆಯಲ್ಲ, ಎಲ್ಲರೂ ಯಾಕೆ ಒಣಗಿದ್ದರಲ್ಲೇ ಹೋಗುತ್ತಿದ್ದಾರೆ ಅಂತ ಕೇಳಿದರು. ಅವರು ಹೇಳಿದ್ದು ಸರಿಯಾಗಿತ್ತು. ಕೆಳಗಿನ ಅಂಚಿನಲ್ಲಿ ಒಂದು ಕಡು ಪಟ್ಟಿ ಉಳಿದಿತ್ತು. ಅದರ ಮೇಲೆ ಎಡಗಡೆಯ ಚಕ್ರಗಳನ್ನು ಇಟ್ಟುಕೊಂಡು ಹೋದರೆ ತಿರುವಿನಿಂದ ಹೊರಡುವಾಗ ಹಿಂಬದಿ ಕಚ್ಚಿಕೊಳ್ಳುತ್ತಿತ್ತು. ಕಂಪ್ಯೂಟರಿನಲ್ಲಿ ಮಾಡಿದ ಮಣ್ಣನ್ನು ರೈತನೊಬ್ಬ ನೋಡಿ ಓದಲು ಆಗುತ್ತದೆ ಅಂದರೆ, ಅದನ್ನು ಮಾಡಿದವರ ಕೆಲಸಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಗೊತ್ತಿಲ್ಲ.

ಟ್ರ್ಯಾಕು ಪೂರ್ತಿ ಒಣಗಿ ನುಣ್ಣಗಾದಾಗ ಇನ್ನೊಂದು ವಿಷಯ ನಡೆಯುತ್ತದೆ. ಆಗ ಜೋರಾಗಿ ಅಡ್ಡ ಜಾರುವವರು ಹಿಂದೆ ಬೀಳುತ್ತಾರೆ. ಕಾರು ಎಷ್ಟು ಅಡ್ಡವಾದರೆ ಅಷ್ಟು ಟೈರು ಸುಮ್ನೆ ತಿರುಗುತ್ತದೆ, ಮುಂದಕ್ಕೆ ತಳ್ಳುವ ಬಲ ಹೋಗುತ್ತದೆ. ಬೇಗ ಗ್ಯಾಸ್ ಬಿಟ್ಟು, ಕಾರನ್ನು ಆದಷ್ಟು ನೇರವಾಗಿ ಇಟ್ಟುಕೊಂಡು, ಹಿಂದಿನ ಚಕ್ರ ತಿರುಗುವ ಸದ್ದು ಕೇಳಿಸದ ಹಾಗೆ ಗ್ಯಾಸ್ ಕೊಡಬೇಕು. ನೋಡುವವರಿಗೆ ನಿಧಾನವಾಗಿ ಹೋಗುತ್ತಿರುವ ಹಾಗೆ ಕಾಣುತ್ತದೆ, ಗಡಿಯಾರದಲ್ಲಿ ಮಾತ್ರ ಅದೇ ವೇಗದ ಸುತ್ತು. ಎಫ್‌ಎಫ್1600 ಓಡಿಸಿದವರ ಮೆದು ಪಾದಕ್ಕೆ ಇಲ್ಲಿ ಬೆಲೆ ಬರುತ್ತದೆ. ರೇಸಿನ ಮೊದಲರ್ಧದಲ್ಲಿ ಮಣ್ಣಿನಲ್ಲೇ ಬೆಳೆದ ಅಮೆರಿಕದವರು ನನ್ನನ್ನು ದಾಟುತ್ತಾರೆ. ಟ್ರ್ಯಾಕು ಒಣಗಿದ ಮೇಲೆ ಅವರಲ್ಲಿ ಕೆಲವರು ನನಗೆ ಮತ್ತೆ ಸಿಗುತ್ತಾರೆ. ಆ ಹತ್ತು ಸುತ್ತಿಗೋಸ್ಕರ ನಾನು ಬೆಳಿಗ್ಗೆ ಏಳುತ್ತೇನೆ.

ಯಾವ ಟ್ರ್ಯಾಕು ಮೊದಲು? ಒಹಾಯೋದ ಲಿಮಾಲ್ಯಾಂಡ್, ಕಾಲು ಮೈಲಿ, ಅಂದರೆ ಸುಮಾರು 400 ಮೀಟರ್. ಚಿಕ್ಕದು, ಕಲಿಯಲು ಒಳ್ಳೆಯದು. ಆಮೇಲೆ ಫ್ಲಾರಿಡಾದ ವೊಲೂಷಿಯಾ, ಅರ್ಧ ಮೈಲಿ. ಪ್ರತಿ ಫೆಬ್ರವರಿಯಲ್ಲಿ ಡರ್ಟ್‌ಕಾರ್ ನ್ಯಾಷನಲ್ಸ್ ನಡೆಯುವುದು ಅಲ್ಲೇ, ನಿಜವಾದ ಯುಎಂಪಿ ಮಾಡಿಫೈಡ್‌ಗಳೂ ಓಡುತ್ತವೆ. ಆ ರೇಸು ನೋಡಿ, ಅದೇ ವಾರ ಅದೇ ಟ್ರ್ಯಾಕಿನಲ್ಲಿ ಅದೇ ಕಾರು ಓಡಿಸುವ ಖುಷಿಯೇ ಬೇರೆ. ಎಲ್ಡೋರಾ ಕೊನೆಗೆ ಇರಲಿ. ಅರ್ಲ್ ಬಾಲ್ಟಿಸ್ 1954ರಲ್ಲಿ ಒಹಾಯೋದ ರಾಸ್‌ಬರ್ಗ್ ಹತ್ತಿರ ಕಟ್ಟಿದ ಟ್ರ್ಯಾಕು ಅದು. 2004ರಲ್ಲಿ ರೇಸ್ ಚಾಲಕ ಟೋನಿ ಸ್ಟುವರ್ಟ್ ಕೊಂಡುಕೊಂಡರು. ನಮ್ಮ ವಿಷಯಕ್ಕೆ ಸ್ಟುವರ್ಟ್ ಅವರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ತೆರೆದ ಚಕ್ರದ ಇಂಡಿ ರೇಸಿಂಗ್ ಲೀಗ್‌ನಲ್ಲಿ 1997ರ ಚಾಂಪಿಯನ್, ನಾಸ್ಕಾರ್ ಕಪ್ ಮೂರು ಸಲ, ಅದೆಲ್ಲ ಇದ್ದೂ ಮಣ್ಣಿನ ಟ್ರ್ಯಾಕು ಬಿಡಲಿಲ್ಲ. ಎಲ್ಡೋರಾದಲ್ಲಿ ಕುಷನ್ ಗೋಡೆಗೆ ಅಂಟಿಕೊಂಡೇ ಏಳುತ್ತದೆ. ಅಲ್ಲಿ ಓಡಿಸಲು ಕೈ ಪಳಗಿರಬೇಕು.

ರೇಸಿನ ನಡವಳಿಕೆ ಬಗ್ಗೆಯೂ ಹೇಳಲೇಬೇಕು. ಫಾರ್ಮುಲಾದಲ್ಲಿ ಚಕ್ರಕ್ಕೆ ಚಕ್ರ ತಾಗಿದರೆ ಇಬ್ಬರ ರೇಸೂ ಮುಗಿದ ಹಾಗೆ. ಅದಕ್ಕೇ ಪಕ್ಕದಲ್ಲಿ ಇನ್ನೊಬ್ಬ ಬಂದರೆ ಮೈ ಬಿಗಿಯಾಗುತ್ತದೆ. ಇಲ್ಲಿ ಸ್ಲೈಡ್ ಜಾಬ್ ಅಂತ ಒಂದು ವರಸೆ ಇದೆ. ಹಿಂದಿನವನು ತಿರುವಿನ ಒಳಗಿಂದ ಜೋರಾಗಿ ಬಂದು, ಜಾರುತ್ತಾ ಮೇಲೇರಿ, ನಿಮ್ಮ ಮೂಗಿನ ಮುಂದೆಯೇ ಬಂದು ನಿಲ್ಲುತ್ತಾನೆ. ಫಾರ್ಮುಲಾ ಕಣ್ಣಿಗೆ ಅದು ಅನ್ಯಾಯ ಅನ್ನಿಸುತ್ತದೆ. ಮಣ್ಣಿನ ರೇಸಿನಲ್ಲಿ ಅದು ಸರಿಯಾದ ಆಟ, ಒಂದೇ ಷರತ್ತು: ತಾಗದೆ ಪೂರ್ತಿ ಮುಂದೆ ಬಂದಿರಬೇಕು. ಉತ್ತರವೂ ಕೈಯಲ್ಲೇ ಇದೆ. ಅವನು ಮೇಲಕ್ಕೆ ಜಾರುವಾಗ ನೀವು ಸ್ವಲ್ಪ ತಡೆದು ಅವನ ಹಿಂದಿನಿಂದ ಒಳಕ್ಕೆ ಕತ್ತರಿಸಿ ಹೊರಟರೆ ಮುಂದಿನ ನೇರದಲ್ಲಿ ಮತ್ತೆ ನೀವೇ ಮುಂದೆ. ಎರಡು ಕಾರು ಹೀಗೆ ತಿರುವು ತಿರುವಿಗೂ ಜಾಗ ಬದಲಿಸಿಕೊಳ್ಳುವಾಗ ಬರುವ ರೋಮಾಂಚನ ನನಗೆ ಎಫ್4ನಲ್ಲಿ ಸಿಕ್ಕಿರಲಿಲ್ಲ. ಐರೇಸಿಂಗ್ ಇದನ್ನು ಅರ್ಥಮಾಡಿಕೊಂಡಿದೆ. ಡಾಂಬರಿನಲ್ಲಿ ಜೋರು ಡಿಕ್ಕಿಗೆ ನಾಲ್ಕು ಅಂಕ ದಂಡ, ಮಣ್ಣಿನ ಓವಲ್‌ನಲ್ಲಿ ಎರಡೇ.

ಟೂಲ್ ರೂಮಿನವನಾದ್ದರಿಂದ ಸೆಟಪ್, ಅಂದರೆ ಕಾರನ್ನು ಹೊಂದಿಸುವುದರ ಬಗ್ಗೆ ಬರೆಯದೆ ಇರಲು ಆಗುವುದಿಲ್ಲ. ಈ ಕಾರಿನಲ್ಲಿ ಹಿಂದಿನ ಎರಡು ಚಕ್ರಗಳೂ ಒಂದೇ ವೇಗದಲ್ಲಿ ತಿರುಗುತ್ತವೆ, ನಡುವೆ ಡಿಫರೆನ್ಷಿಯಲ್ ಬಿಡುವು ಇಲ್ಲ. ಎಡಕ್ಕೆ ತಿರುಗುವಾಗ ಹೊರಗಿನ ಬಲ ಚಕ್ರ ಜಾಸ್ತಿ ದೂರ ಹೋಗಬೇಕು ಅಲ್ವಾ? ಅದಕ್ಕೆ ಬಲ ಹಿಂದಿನ ಟೈರಿನ ಸುತ್ತಳತೆಯನ್ನೇ ದೊಡ್ಡದು ಮಾಡುತ್ತಾರೆ. ಇದೇ ಸ್ಟ್ಯಾಗರ್. ಎಷ್ಟು ಬೇಕು ಅಂತ ಒಂದು ಕಾಗದದ ಮೇಲೆ ಹಾಕಿ ನೋಡಿ. ತಿರುವಿನ ತ್ರಿಜ್ಯ 60 ಮೀಟರ್, ಎರಡು ಚಕ್ರಗಳ ನಡುವೆ 1.6 ಮೀಟರ್ ಅಂತ ಇಟ್ಟುಕೊಂಡರೆ, ಹೊರಗಿನದು ಸುಮಾರು 2.7 ಶೇಕಡ ಜಾಸ್ತಿ ಓಡಬೇಕು. ಟೈರಿನ ಸುತ್ತಳತೆ 2.15 ಮೀಟರ್ ಇದ್ದರೆ ವ್ಯತ್ಯಾಸ ಆರು ಸೆಂಟಿಮೀಟರಿನ ಹತ್ತಿರ. ಕಾರು ಜಾರುತ್ತಲೇ ಇರುವುದರಿಂದ ಕಾಗದದ ಲೆಕ್ಕ ಅಷ್ಟಕ್ಕಷ್ಟೇ ನಿಲ್ಲುವುದಿಲ್ಲ. ಆದರೂ ಕೈ ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯುತ್ತದೆ. ಎಡ ಹಿಂದಿನ ಚಕ್ರದ ಮೇಲೆ ತೂಕ ಹೆಚ್ಚಿಸಿದರೆ ತಿರುವಿನಿಂದ ಹೊರಡುವಾಗ ಕಾರು ಬಿಗಿಯಾಗುತ್ತದೆ, ಅಂದರೆ ಹಿಂಬದಿ ಕಡಿಮೆ ಜಾರುತ್ತದೆ, ಒಣ ಟ್ರ್ಯಾಕಿಗೆ ಅದು ಬೇಕು. ಫಾರ್ಮುಲಾದಲ್ಲಿ ಎಡ ಬಲ ಸಮ ಇರಲಿ ಅಂತ ಒದ್ದಾಡುತ್ತೇವೆ. ಇಲ್ಲಿ ಇಡೀ ಕಾರನ್ನೇ ಸೊಟ್ಟಗೆ ಕಟ್ಟುತ್ತಾರೆ, ಅದರಲ್ಲೇ ಜಾಣತನ ಇದೆ. ಮೊದಮೊದಲು ಫಿಕ್ಸೆಡ್ ಸೆಟಪ್ ರೇಸುಗಳಲ್ಲೇ ಇರಿ. ಎಲ್ಲರಿಗೂ ಒಂದೇ ಕಾರು, ಕಲಿಯಲು ಅದೇ ವಾಸಿ.

ಈಗ ಕಷ್ಟದ ಕಡೆ. ಮಣ್ಣಿನ ಓವಲ್ ಅಮೆರಿಕದವರ ಪ್ರೀತಿ. ಅವರ ಪೂರ್ವ ತೀರದ ರಾತ್ರಿ ಎಂಟು ಗಂಟೆ ಅಂದರೆ ನಮಗೆ ಬೇಸಿಗೆಯಲ್ಲಿ ಬೆಳಿಗ್ಗೆ ಐದೂವರೆ, ಚಳಿಗಾಲದಲ್ಲಿ ಆರೂವರೆ. ತುಂಬಿದ ರೇಸು ಬೇಕಿದ್ದರೆ ಬೆಳಗಿನ ಜಾವ ಏಳಬೇಕು. ಫಾರ್ಮುಲಾ ಹಾಗಲ್ಲ, ಯುರೋಪಿನವರು ಇರುವುದರಿಂದ ನಮ್ಮ ರಾತ್ರಿ ಊಟದ ನಂತರವೂ ಜನ ಸಿಗುತ್ತಾರೆ. ನಮ್ಮ ಸಂಜೆಯಲ್ಲಿ ಮಾಡಿಫೈಡ್‌ಗೆ ಕಾದು ಕೂತರೆ ಬಹಳ ಸಲ ಬೇಕಾದಷ್ಟು ಜನ ಸೇರುವುದೇ ಇಲ್ಲ. ಫಸ್ಟ್ ಶಿಫ್ಟ್‌ಗೆ ಹೋಗುವವರಿಗೆ ವಾರದ ದಿನಗಳಲ್ಲಿ ಇದು ಆಗದ ಮಾತು. ನಾನು ಜನರಲ್ ಶಿಫ್ಟ್, ಬಚಾವು.

ಇನ್ನೊಂದು ಪಿಂಗ್, ಅಂದರೆ ಇಂಟರ್ನೆಟ್ಟಿನಲ್ಲಿ ಸಂದೇಶ ಹೋಗಿ ಬರಲು ಹಿಡಿಯುವ ಹೊತ್ತು. ಇದು ಯಾರ ತಪ್ಪೂ ಅಲ್ಲ, ಭೂಮಿ ಅಷ್ಟು ದೊಡ್ಡದು. ಇಲ್ಲಿಂದ ಅಮೆರಿಕದ ಪೂರ್ವ ತೀರಕ್ಕೆ 13,000 ಕಿಲೋಮೀಟರಿಗೂ ಜಾಸ್ತಿ. ಗಾಜಿನ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಹೋಗುತ್ತದೆ. ಹೋಗಿ ಬರಲು ನೇರ ಗೆರೆಯಲ್ಲೇ 130 ಮಿಲಿಸೆಕೆಂಡ್. ಕೇಬಲ್ ನೇರವಾಗಿ ಹೋಗುವುದಿಲ್ಲ, ನನಗೆ ಸಾಮಾನ್ಯವಾಗಿ 200ರ ಮೇಲೆ ಬರುತ್ತದೆ. ಪಕ್ಕಪಕ್ಕ ಓಡುವಾಗ ಪರದೆಯಲ್ಲಿ ಒಂದು ಗೇಣು ಜಾಗ ಕಂಡರೂ ತಾಗಿದಂತಾಗುವುದು ಇದರಿಂದ. ಹಾಗಾಗಿ ಸ್ಲೈಡ್ ಜಾಬ್ ಮಾಡುವಾಗ ನಾನು ಅರ್ಧ ಕಾರಿನಷ್ಟು ಹೆಚ್ಚು ಜಾಗ ಬಿಡುತ್ತೇನೆ. ದೂರದಿಂದ ಬಂದವರು ಬೇರೆಯವರ ರೇಸು ಕೆಡಿಸಬಾರದು, ಅಷ್ಟು ಮರ್ಯಾದೆ ನಮ್ಮ ಮೇಲಿದೆ. ವೈಫೈ ಬೇಡ, ತಂತಿಯನ್ನೇ ಎಳೆಯಿರಿ. ಕಂಪ್ಯೂಟರಿಗೂ ರೂಟರಿಗೂ ಯುಪಿಎಸ್ ಇರಲಿ.

ದುಡ್ಡಿನ ವಿಷಯ. ಚಂದಾ ಬೇರೆ, ಕಾರು ಟ್ರ್ಯಾಕು ಬೇರೆ. ಕಾರೊಂದಕ್ಕೆ 11.95 ಡಾಲರ್, ರೂಪಾಯಿಯಲ್ಲಿ ಸಾವಿರದ ಆಚೆ ಈಚೆ. ಟ್ರ್ಯಾಕುಗಳಲ್ಲಿ ಹಲವು 14.95 ಡಾಲರ್. ಕಾರ್ಡಿನ ವಿದೇಶಿ ವಿನಿಮಯದ ಖರ್ಚು ಮೇಲಿಂದ. ಒಮ್ಮೆ ಕೊಂಡರೆ ನಿಮ್ಮದು, ಆದರೆ ಚಂದಾ ನಿಂತರೆ ಓಡಿಸಲು ಆಗುವುದಿಲ್ಲ. ನಮ್ಮ ಸಂಬಳಕ್ಕೆ ಇದು ಭಾರವೇ. ನನ್ನ ಸಲಹೆ: ಚಂದಾದ ಜೊತೆ ಉಚಿತವಾಗಿ ಬರುವ ಡರ್ಟ್ ಸ್ಟ್ರೀಟ್ ಸ್ಟಾಕ್ ಕಾರಿನಲ್ಲಿ, ಉಚಿತ ಟ್ರ್ಯಾಕುಗಳಲ್ಲಿ ರೂಕಿ ಮುಗಿಸಿ. ಅದು ಭಾರದ, ಸೋಮಾರಿ ಕಾರು. ತೂಕ ಹೇಗೆ ಬೀಸುತ್ತದೆ ಅಂತ ನಿಧಾನವಾಗಿ ತೋರಿಸುತ್ತದೆ. ಆಮೇಲೆ ಮಾಡಿಫೈಡ್ ಒಂದನ್ನು ಕೊಳ್ಳಿ. ಟ್ರ್ಯಾಕನ್ನು ಸೀಸನ್ನಿನ ವೇಳಾಪಟ್ಟಿ ನೋಡಿ, ಬೇರೆ ಸರಣಿಗಳಲ್ಲೂ ಬರುವಂಥದ್ದನ್ನು ಆರಿಸಿ. ಸೀಸನ್ ಅಂದರೆ ಹನ್ನೆರಡು ವಾರ, ವಾರಕ್ಕೊಂದು ಟ್ರ್ಯಾಕು. ಎಲ್ಲವನ್ನೂ ಕೊಳ್ಳಬೇಕಿಲ್ಲ.

ಸ್ಟೀರಿಂಗ್ ಬಗ್ಗೆ ಬಹಳ ಜನ ಕೇಳುತ್ತಾರೆ. ಒಳಗೆ ಹಲ್ಲಿನ ಗೇರ್ ಇರುವ ಹಳೆಯ ಜಿ29 ಥರದ ಸ್ಟೀರಿಂಗ್ ಚಕ್ರದಲ್ಲೂ ಓಡಿಸಬಹುದು. ಆದರೆ ಮಣ್ಣಿನಲ್ಲಿ ಕೈ ಸಡಿಲ ಬಿಟ್ಟಾಗ ಸ್ಟೀರಿಂಗ್ ತಾನೇ ಜಾರುವ ದಿಕ್ಕಿಗೆ ಬೇಗ ತಿರುಗಬೇಕು. ಗೇರಿನ ಚಕ್ರ ಅಲ್ಲಿ ಸ್ವಲ್ಪ ತಡ. ಮೋಟಾರಿಗೇ ನೇರವಾಗಿ ಜೋಡಿಸಿದ ಡೈರೆಕ್ಟ್ ಡ್ರೈವ್ ಸ್ಟೀರಿಂಗ್ ಇದ್ದರೆ ಆ ವ್ಯತ್ಯಾಸ ಫಾರ್ಮುಲಾಗಿಂತ ಮಣ್ಣಿನಲ್ಲೇ ಜಾಸ್ತಿ ಗೊತ್ತಾಗುತ್ತದೆ. ಕಾಲಿನ ಒತ್ತಡ ಅಳೆಯುವ ದುಬಾರಿ ಲೋಡ್ ಸೆಲ್ ಬ್ರೇಕಿಗೆ ಮಾತ್ರ ಈ ವರ್ಗಕ್ಕೋಸ್ಕರ ದುಡ್ಡು ಹಾಕಬೇಡಿ. ಗ್ಯಾಸ್ ಪೆಡಲ್ ನಯವಾಗಿರಲಿ, ನಡುವೆ ಎಲ್ಲೂ ಹಿಡಿಯಬಾರದು.

ಸಿಮ್ಯುಲೇಟರಿನಿಂದ ಬರದೇ ಇರುವುದು ಒಂದಿದೆ. ಕರಿ ಟ್ರ್ಯಾಕಿನಲ್ಲಿ ಸಿಂಗಲ್ ಸೀಟರ್ ಜಾರಲು ಶುರುವಾದಾಗ ಮೊದಲು ಗೊತ್ತಾಗಿದ್ದು ಬೆನ್ನಿಗೆ, ಸೊಂಟಕ್ಕೆ. ಮನೆಯಲ್ಲಿ ಕೈ ಮತ್ತು ಕಿವಿ ಮಾತ್ರ. ಡಾಂಬರಿನ ರೇಸಿನಲ್ಲಿ ಅದಿಲ್ಲದೆ ನಡೆಯುತ್ತದೆ. ಪೂರ್ತಿ ಜಾರುವುದೇ ಆಟವಾದ ಕಡೆ ಆ ಕೊರತೆ ದೊಡ್ಡದು. ನಾನು ಎಂಜಿನ್ ಸದ್ದನ್ನು ಕಡಿಮೆ ಮಾಡಿ ಟೈರಿನ ಸದ್ದನ್ನು ಜಾಸ್ತಿ ಇಟ್ಟುಕೊಂಡಿದ್ದೇನೆ. ಮಣ್ಣು ಕಚ್ಚುವ ಸದ್ದು, ಜಾರುವ ಸದ್ದು ಬೇರೆ ಬೇರೆ ಕೇಳಿಸುತ್ತವೆ, ಬೆನ್ನಿನ ಕೆಲಸವನ್ನು ಅರ್ಧ ಕಿವಿ ಮಾಡುತ್ತದೆ. ನಮ್ಮ ಕಡೆ ಆಟೋಕ್ರಾಸ್, ಮೋಟೋಕ್ರಾಸ್ ಇವೆ, ಆದರೆ ಇಂಥ ಮಣ್ಣಿನ ಓವಲ್ ಓಡಿಸಬೇಕು ಅಂದರೆ ಹೊಸೂರಿನವನಿಗೆ ಇರುವ ದಾರಿ ಇದೇ.

ಬಿಗ್ ಬ್ಲಾಕ್ ಮಾಡಿಫೈಡ್ ಹೇಗೆ ಅಂತ ಕೇಳುವವರಿಗೆ: ಅದು ಹೆಸರಿನಲ್ಲಿ ಮಾತ್ರ ಇದರ ಜೊತೆ. ನ್ಯೂಯಾರ್ಕ್ ಕಡೆಯ ಕಾರು, ಚಾಲಕ ಕೂರುವುದು ಬಹುತೇಕ ನಡುವೆ, ಬಾಡಿ ದೊಡ್ಡ ಪೆಟ್ಟಿಗೆ. ಮಧ್ಯದಲ್ಲಿ ಕೂತು ಓಡಿಸಿ ರೂಢಿಯಾದ ಫಾರ್ಮುಲಾದವರಿಗೆ ಅದು ಮೊದಲ ನೋಟಕ್ಕೆ ಹತ್ತಿರ ಅನ್ನಿಸುತ್ತದೆ. ಆದರೂ ಅದಕ್ಕಿಂತ ಮೊದಲು ಅದರ ತಮ್ಮನಂಥ, 358 ಘನ ಇಂಚು ಎಂಜಿನ್ನಿನ ಮಾಡಿಫೈಡ್ ತೆಗೆದುಕೊಳ್ಳಿ. ಯುಎಂಪಿಯಲ್ಲಿ ಒಂದು ಸೀಸನ್ ಓಡಿಸಿದ ಮೇಲೆ ನಾನು ಕೊಂಡದ್ದು ಅದನ್ನೇ. ಈಗ ವಾರದ ಕೊನೆಗೆ ಎರಡನ್ನೂ ಓಡಿಸುತ್ತಿದ್ದೇನೆ, ಎಫ್‌ಎಫ್1600ಗೆ ಶನಿವಾರ ರಾತ್ರಿ ಇಟ್ಟುಕೊಂಡಿದ್ದೇನೆ.